ಬೊಲಿವಿಯಾದ ಕಾಡು ಶೇಂಗಾ ಧಾರವಾಡಕ್ಕೆ ಬಂದದ್ದು: ಜಿಪಿಬಿಡಿ 4 ತಳಿಯ ಪ್ರಕರಣ

ಸೆಪ್ಟೆಂಬರಿನಲ್ಲಿ, ಮಳೆ ಬಿಟ್ಟೂ ಬಿಡದಂತಿರುವಾಗ, ಶೇಂಗಾ ಹೊಲಕ್ಕೆ ಇಳಿದರೆ ಮೊದಲು ಕೆಳಗಿನ ಎಲೆ ಒಂದನ್ನು ಮಗುಚಿ ನೋಡಬೇಕು. ಅಡಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಗುಳ್ಳೆಗಳಿವೆಯಾ? ಬೆರಳಿನಿಂದ ಒರೆಸಿದರೆ ಪುಡಿ ಅಂಟುತ್ತದೆಯಾ? ಹಾಗಿದ್ದರೆ ಅದು ತುಕ್ಕು ರೋಗ. ಕಪ್ಪನೆಯ ದುಂಡು ಚುಕ್ಕೆಗಳಿದ್ದು, ಎಲೆಯ ಅಡಿಯಲ್ಲಿ ಕೈಗೆ ಒರಟಾಗಿ ತಾಕಿದರೆ ಅದು ತಡವಾಗಿ ಬರುವ ಎಲೆಚುಕ್ಕೆ. ರೈತರು ಟಿಕ್ಕಾ ಅನ್ನುತ್ತಾರೆ. ಎರಡಕ್ಕೂ ಒಂದು ವ್ಯತ್ಯಾಸ ಇದೆ. ಟಿಕ್ಕಾ ಬಂದ ಎಲೆ ಉದುರುತ್ತದೆ. ತುಕ್ಕು ಹಿಡಿದ ಎಲೆ ಸುಟ್ಟಂತೆ ಒಣಗಿದರೂ ಗಿಡಕ್ಕೇ ಅಂಟಿಕೊಂಡಿರುತ್ತದೆ. ಎರಡೂ ಒಟ್ಟಿಗೆ ಬಂದ ವರ್ಷ ಅರ್ಧಕ್ಕರ್ಧ ಬೆಳೆ ಹೋದರೂ ಆಶ್ಚರ್ಯವಿಲ್ಲ.

ನಾನು ಚಿಕ್ಕವನಿದ್ದಾಗ ಗದಗ ಕಡೆಯ ನಮ್ಮ ಕಾಕಾನ ಮಸಾರಿ ಹೊಲದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕೀಳುವ ಹೊತ್ತಿಗೆ ಗಿಡದಲ್ಲಿ ಬರೀ ಕಡ್ಡಿ ನಿಂತಿರುತ್ತಿತ್ತು. ಎಲೆ ಹೋದ ಗಿಡದ ಸೂಜಿ ಸಡಿಲಾಗಿಬಿಡುತ್ತದೆ. ಹೂವು ಬಾಡಿದ ಮೇಲೆ ಮಣ್ಣಿಗಿಳಿದು ಕಾಯಿ ಹಿಡಿದುಕೊಳ್ಳುತ್ತದಲ್ಲ, ಆ ಸೂಜಿ. ಜಗ್ಗಿದರೆ ಗಿಡ ಮೇಲೆ ಬರುತ್ತಿತ್ತು, ಕಾಯಿ ಮಣ್ಣಿನಲ್ಲೇ ಉಳಿಯುತ್ತಿತ್ತು. ಆಮೇಲೆ ಹೆಂಗಸರು, ಮಕ್ಕಳು ಕಳೆ ತೆಗೆಯುವ ಕುರ್ಚಿಗಿ ಹಿಡಿದು ಕೂತು ಕೆದಕಿ ಕಾಯಿ ಆಯಬೇಕು. ದನಗಳಿಗೆ ಹೊಟ್ಟೂ ಇಲ್ಲ. ಶೇಂಗಾ ಬೆಳೆಯದವರಿಗೆ ಈ ಕೊನೆಯ ಮಾತಿನ ಭಾರ ಗೊತ್ತಾಗಲಿಕ್ಕಿಲ್ಲ. ಎತ್ತು ಕಟ್ಟಿದ ಮನೆಯಲ್ಲಿ ಒಳ್ಳೆ ಶೇಂಗಾ ಹೊಟ್ಟು ಅಂದರೆ ಬೇಸಿಗೆಯ ಅರ್ಧ ಚಿಂತೆ ಕಳೆದ ಹಾಗೆ.

ಇದಕ್ಕೆ ಔಷಧಿ ಇಲ್ಲ ಅಂತೇನಿಲ್ಲ. ಮ್ಯಾಂಕೋಜೆಬ್, ಕ್ಲೋರೋಥಲೋನಿಲ್, ಹೆಕ್ಸಾಕೊನಜೋಲ್ ಎಲ್ಲಾ ಇವೆ. ಆದರೆ ಮಳೆ ನಂಬಿದ ಶೇಂಗಾಕ್ಕೆ ಎರಡು ಮೂರು ಸಲ ಹೊಡೆಯುವ ದುಡ್ಡು, ನೀರು, ಆಳು ಹೊಂದಿಸುವುದು ಸುಮ್ನೆ ಮಾತಲ್ಲ. ರೋಗ ತಾಳುವ ಗುಣ ಬೀಜದಲ್ಲೇ ಇರಬೇಕು. ಧಾರವಾಡದ ಜಿಪಿಬಿಡಿ 4 ಶೇಂಗಾ ತಳಿಗೆ ಆ ಗುಣ ಎಲ್ಲಿಂದ ಬಂತು, ಹೇಗೆ ಬಂತು ಅನ್ನುವುದೇ ಈ ಪ್ರಕರಣ.

ಒಂದೇ ತಾಯಿಯ ಮಕ್ಕಳು

ಶೇಂಗಾದಲ್ಲಿ ಬಣ್ಣ, ಗಾತ್ರ, ಆಕಾರ ಬೇರೆ ಬೇರೆ ಇರುವ ಸಾವಿರಾರು ತಳಿಗಳಿವೆ. ಒಳಗೆ ಮಾತ್ರ ಅವೆಲ್ಲ ಒಂದೇ ಮನೆಯವು. ಕಾರಣ ಅದರ ಹುಟ್ಟಿನಲ್ಲಿದೆ. ದಕ್ಷಿಣ ಅಮೆರಿಕದಲ್ಲಿ ಎರಡು ಕಾಡು ಶೇಂಗಾಗಳು ಕೂಡಿ ಇದು ಹುಟ್ಟಿತು. ಒಂದು ಡ್ಯುರಾನೆನ್ಸಿಸ್, ಇನ್ನೊಂದು ಇಪಾಯೆನ್ಸಿಸ್. ಎರಡನೆಯದು ದಕ್ಷಿಣ ಬೊಲಿವಿಯಾದ ಒಂದೇ ಒಂದು ಜಾಗದಲ್ಲಿ ಸಿಕ್ಕ ಗಿಡ. ಇದೆಲ್ಲ ನಡೆದದ್ದು ಸುಮಾರು 10 ಸಾವಿರ ವರ್ಷಗಳ ಈಚೆಗೆ ಅಂತ ಅಂದಾಜು. ಒಂದೊಂದರ ಜೀವಕೋಶದಲ್ಲಿ ವಂಶದ ಗುಣ ಹೊತ್ತ ಎಳೆಗಳು, ಅಂದರೆ ವರ್ಣತಂತು (ಕ್ರೋಮೊಸೋಮ್), 20 ಇದ್ದವು. ಕೂಡಿದ ಮೇಲೆ ದುಪ್ಪಟ್ಟಾಗಿ 40 ಆಯಿತು. 40 ಆದ ಕೂಡಲೇ ಬಾಗಿಲು ಮುಚ್ಚಿಕೊಂಡಿತು. ಸುತ್ತಲಿನ ಕಾಡು ಬಳಗ ಬಹುತೇಕ 20ರಲ್ಲೇ ಉಳಿದಿತ್ತು, ಅವುಗಳ ಜೊತೆ ತಾನಾಗಿ ಮತ್ತೆ ಕೂಡಲು ಆಗಲಿಲ್ಲ. ನಾವು ಇವತ್ತು ಹುರಿದು ತಿನ್ನುವ ಶೇಂಗಾ ಎಲ್ಲಾ ಆ ಒಂದು ಘಟನೆಯ ಸಂತಾನ.

ಹಾಗಾಗಿ ಬೆಳೆಯುವ ಶೇಂಗಾದೊಳಗೇ ರೋಗ ತಾಳುವ ಗುಣ ಹುಡುಕಿದವರಿಗೆ ಸಿಕ್ಕಿದ್ದು ಸ್ವಲ್ಪ. ಪೆರು ದೇಶದ ಕೆಲವು ನಾಟಿ ತಳಿಗಳು ತುಕ್ಕನ್ನು ತಾಳುತ್ತಿದ್ದವು. ಆದರೆ ಅವುಗಳ ಸಿಪ್ಪೆ ದಪ್ಪ, ಇಳುವರಿ ಕಡಿಮೆ. ಎಲೆಚುಕ್ಕೆಗಂತೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಕಾಡು ಬಳಗದಲ್ಲಿ ಪರಿಸ್ಥಿತಿ ಬೇರೆ. ಶೇಂಗಾದ ಕುಲದಲ್ಲಿ 80ಕ್ಕೂ ಜಾಸ್ತಿ ಜಾತಿಗಳಿವೆ. ಔಷಧಿ ಹೊಡೆಯುವವರಿಲ್ಲದೆ, ನೀರು ಬಿಡುವವರಿಲ್ಲದೆ, ತುಕ್ಕು ಟಿಕ್ಕಾಗಳ ನಡುವೆಯೇ ಬದುಕಿ ಬಂದವು ಅವು.

ಜಿಕೆಪಿ 10017

1950ರ ದಶಕದ ಕೊನೆಯ ಹೊತ್ತಿಗೆ ಮೂವರು ವಿಜ್ಞಾನಿಗಳು ದಕ್ಷಿಣ ಅಮೆರಿಕದ ಕಾಡುಮೇಡು ಸುತ್ತುತ್ತಾ ಕಾಡು ಶೇಂಗಾ ಸಂಗ್ರಹಿಸುತ್ತಿದ್ದರು. ಅಮೆರಿಕದ ನಾರ್ತ್ ಕೆರೊಲಿನಾದ ವಾಲ್ಟನ್ ಗ್ರೆಗರಿ, ಅರ್ಜೆಂಟೀನಾದ ಆಂಟೋನಿಯೊ ಕ್ರಾಪೊವಿಕಾಸ್ ಮತ್ತು ಪಿಯೆತ್ರರೆಲ್ಲಿ. ಮೂವರ ಅಡ್ಡಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಸೇರಿಸಿ ಗಿಡಕ್ಕೊಂದು ನಂಬರ್ ಹಾಕುತ್ತಿದ್ದರು. ಬೊಲಿವಿಯಾದಲ್ಲಿ ಸಂಗ್ರಹಿಸಿದ ಒಂದು ಗಿಡಕ್ಕೆ ಬಿದ್ದ ನಂಬರ್ ಜಿಕೆಪಿ 10017. ಬೊಲಿವಿಯಾದ ಸಸ್ಯವಿಜ್ಞಾನಿ ಮಾರ್ತಿನ್ ಕಾರ್ಡೆನಾಸ್ ಅವರ ನೆನಪಿಗೆ ಅದನ್ನು ಅರಾಕಿಸ್ ಕಾರ್ಡೆನಾಸಿ ಅಂತ ಕರೆದರು.

ಇಲ್ಲೊಂದು ತಮಾಷೆ ಇದೆ. ಗಿಡವನ್ನು ವಿಧಿಪ್ರಕಾರ ವಿವರಿಸಿ ಹೆಸರಿಟ್ಟು ಪ್ರಕಟಿಸಿದ್ದು 1994ರಲ್ಲಿ, ಕ್ರಾಪೊವಿಕಾಸ್ ಮತ್ತು ಗ್ರೆಗರಿ ಇಡೀ ಕುಲದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ. ಅಷ್ಟರಲ್ಲಿ ಆ ಗಿಡದ ಮೊಮ್ಮಕ್ಕಳು ಹೈದರಾಬಾದ್ ಹತ್ತಿರದ ಹೊಲಗಳಲ್ಲಿ ಬೆಳೆಯುತ್ತಿದ್ದವು. ನಾಮಕರಣಕ್ಕೆ ಮೊದಲೇ ಮದುವೆ ಮಾಡಿ ಮುಗಿಸಿದ ಹಾಗೆ.

ಗಿಡ ನೋಡಲು ಏನೂ ಇಲ್ಲ. ನೆಲಕ್ಕೆ ಹಬ್ಬುತ್ತದೆ. ಕಾಯಿ ಚಿಕ್ಕದು. ಒಂದು ಕಾಯಿಯ ಎರಡು ಕಾಳುಗಳ ನಡುವೆ ಉದ್ದನೆಯ ದಾರದಂಥ ಸೇತು. ಅಗೆದರೆ ಒಂದೊಂದು ಕಾಳು ಒಂದೊಂದು ಕಡೆ ಉಳಿಯುತ್ತದೆ. ಇಂಥದ್ದನ್ನು ಯಾವ ರೈತನೂ ಬಿತ್ತುವುದಿಲ್ಲ. ಆದರೆ ತುಕ್ಕು, ತಡ ಎಲೆಚುಕ್ಕೆ ಎರಡೂ ಅದರ ಎಲೆ ಮೇಲೆ ನೆಲೆಯೂರುವುದಿಲ್ಲ.

1960ರ ದಶಕದಲ್ಲಿ ನಾರ್ತ್ ಕೆರೊಲಿನಾದಲ್ಲಿ ಗ್ರೆಗರಿ ಮತ್ತು ಜೋಸೆಫ್ ಸ್ಮಾರ್ಟ್ ಇದನ್ನು ಬೆಳೆಯುವ ಶೇಂಗಾ ಜೊತೆ ಕೂಡಿಸಿದರು. ಲೆಕ್ಕ ಮಾಡಿ ನೋಡಿ. 40 ವರ್ಣತಂತುಗಳ ಗಿಡದಿಂದ 20 ಬರುತ್ತವೆ, 20ರ ಗಿಡದಿಂದ 10. ಮಗುವಿಗೆ 30. ಹತ್ತರ ಮೂರು ಗುಂಪುಗಳು ಒಂದಕ್ಕೊಂದು ಸರಿಯಾಗಿ ಜೋಡಿಯಾಗುವುದಿಲ್ಲ. ಗಿಡ ಸೊಂಪಾಗಿ ಬೆಳೆಯುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಕಟ್ಟುವುದಿಲ್ಲ. ಹೇಸರಗತ್ತೆಯ ಕಥೆಯೇ ಇದು.

ಇದಕ್ಕೆ ಮದ್ದು ಕಾಲ್ಚಿಸಿನ್. ನಮ್ಮ ಬೇಲಿ ಮೇಲೆ ಹಬ್ಬಿ ಮಳೆಗಾಲದಲ್ಲಿ ಬೆಂಕಿಯ ನಾಲಿಗೆಯಂಥ ಹೂ ಬಿಡುತ್ತದಲ್ಲ, ಗೌರಿ ಹೂವು, ಅದರ ಗೆಡ್ಡೆಯಲ್ಲಿರುವ ವಿಷವೂ ಇದೇ. ಚಿಗುರಿಗೆ ಇದನ್ನು ಹಚ್ಚಿದರೆ ಜೀವಕೋಶ ಒಡೆಯುವಾಗ ವರ್ಣತಂತುಗಳು ಎರಡು ಪಾಲಾಗದೆ ಒಂದೇ ಕಡೆ ಉಳಿಯುತ್ತವೆ. 30 ಹೋಗಿ 60 ಆಗುತ್ತದೆ. ಎಲ್ಲಕ್ಕೂ ಜೋಡಿ ಸಿಗುತ್ತದೆ, ಗಿಡ ಕಾಯಿ ಕಟ್ಟುತ್ತದೆ. ಆದರೆ 60 ವರ್ಣತಂತುಗಳ ಶೇಂಗಾ ಇಟ್ಟುಕೊಂಡು ಏನು ಮಾಡುವುದು? ಅದನ್ನು ಮತ್ತೆ 40ಕ್ಕೆ ಇಳಿಸಬೇಕು. ಆ ಕೆಲಸವನ್ನು ಗಿಡಗಳೇ ಮಾಡಿದವು. ತಲೆಮಾರು ಕಳೆದಂತೆ ಹೆಚ್ಚಾದ ವರ್ಣತಂತುಗಳು ಒಂದೊಂದಾಗಿ ಕಳೆದುಹೋದವು. ಹೋಗುವ ಮೊದಲು ಕೆಲವು ಕಡೆ ಕಾಡಿನ ತುಂಡು ಬೆಳೆಯ ವರ್ಣತಂತುವಿಗೆ ಸೇರಿಕೊಂಡಿತು. ಕೊನೆಗೆ 40ಕ್ಕೆ ಬಂದು ನಿಂತ, ಅಲ್ಲಲ್ಲಿ ಕಾಡಿನ ತುಂಡು ಹೊತ್ತ ಶೇಂಗಾಗಳು ಸಿಕ್ಕವು. ಹೇಳುವಾಗ ನಾಲ್ಕು ಸಾಲು. ಮಾಡಿದವರಿಗೆ ಹತ್ತಾರು ವರ್ಷ.

ಪಟಾಂಚೆರು ದಾಟಿ ಧಾರವಾಡಕ್ಕೆ

1972ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಶುರುವಾಯಿತು. ಒಣನಾಡಿನ ಬೆಳೆಗಳಿಗಾಗಿಯೇ ಇರುವ ಅಂತಾರಾಷ್ಟ್ರೀಯ ಸಂಸ್ಥೆ. ನಾರ್ತ್ ಕೆರೊಲಿನಾದ ಈ ಬೀಜಗಳ ಸಂತತಿ ಅಲ್ಲಿಗೆ ಬಂತು. ಅಲ್ಲಿ ಅದನ್ನು ಮತ್ತೆ ಬೆಳೆದು, ಮತ್ತೆ ಬೇರೆ ತಳಿಗಳ ಜೊತೆ ಕೂಡಿಸಿ, ರೋಗದ ಮಧ್ಯೆ ನಿಲ್ಲಿಸಿ ಆರಿಸಿದರು. ಹಾಗೆ ಬಂದ ಒಂದು ಸಾಲಿನ, ಅಂದರೆ ಇನ್ನೂ ತಳಿಯಾಗಿ ರೈತರಿಗೆ ಬಿಡದ ಸಂತತಿಯ, ಹೆಸರು ಸಿಎಸ್ 16. ಐಸಿಜಿವಿ 86855 ಅಂತಲೂ ಕರೆಯುತ್ತಾರೆ. ರೋಗ ತಾಳುತ್ತದೆ, ಸರಿ. ಆದರೆ ಕಾಯಿಯ ಅಂದಚಂದ ರೈತ ಒಪ್ಪುವ ಮಟ್ಟಕ್ಕಿರಲಿಲ್ಲ.

ಕಾಡು ಸಂಬಂಧಿಗಳ ಬಗ್ಗೆ ಮಾತಾಡುವಾಗ ನಾವು ಒಂದನ್ನು ಮರೆಯುತ್ತೇವೆ. ಒಳ್ಳೆಯ ಗುಣ ಹುಡುಕುವುದು ಕಷ್ಟವೇ, ಆದರೆ ಅದರ ಬೆನ್ನಿಗೆ ಅಂಟಿಕೊಂಡು ಬರುವ ಬೇಡದ್ದನ್ನು ಕಳಚುವುದು ಇನ್ನೂ ಕಷ್ಟ. ವರ್ಣತಂತುವಿನ ತುಂಡು ಬರುವಾಗ ರೋಗ ತಾಳುವ ಗುಣ ಒಂದೇ ಬರುವುದಿಲ್ಲ. ಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡೇ ಬರುತ್ತದೆ. ದಪ್ಪ ಸಿಪ್ಪೆ, ತಡವಾಗಿ ಬಲಿಯುವುದು, ಸಣ್ಣ ಕಾಳು. ಇದೇ ಜಿಕೆಪಿ 10017 ಅಮೆರಿಕದ ಟೆಕ್ಸಾಸಿನಲ್ಲಿ ಇನ್ನೊಂದು ದಾರಿಯಲ್ಲಿ ಬೆಳೆಗೆ ಸೇರಿತ್ತು. ಅಲ್ಲಿ ಚಾರ್ಲ್ಸ್ ಸಿಂಪ್ಸನ್ ಮೊದಲು ಮೂರು ಕಾಡು ಜಾತಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿ, ದುಪ್ಪಟ್ಟು ಮಾಡಿ, 40ಕ್ಕೆ ತಂದು ಆಮೇಲೆ ಬೆಳೆಯ ಜೊತೆ ಕೂಡಿಸಿದರು. 1999ರಲ್ಲಿ ಬಂದ ಕೋಆನ್ ತಳಿ ಬೇರುಗಂಟು ಜಂತುಹುಳುವನ್ನು ತಾಳಿತು. ಆದರೆ ಜಂತು ಇಲ್ಲದ ಹೊಲದಲ್ಲಿ ಇಳುವರಿಯಲ್ಲಿ ಹಿಂದೆ ಬಿತ್ತು. ಅದನ್ನು ಸರಿಪಡಿಸಿದ ನೆಮಾಟ್ಯಾಮ್ ತಳಿ ಬರಲು ಮತ್ತೆ ಕೆಲವು ವರ್ಷ ಹಿಡಿಯಿತು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ವಿ.ಸಿ. ಗೌಡ ಮತ್ತು ಜೊತೆಗಾರರು ಮಾಡಿದ್ದು ಈ ಕಳಚುವ ಕೆಲಸವನ್ನೇ. ಒಂದು ಕಡೆ ಸಿಎಸ್ 16. ಇನ್ನೊಂದು ಕಡೆ ಕೆಆರ್‌ಜಿ 1. ಅದು ಬೇಗ ಕೊಯ್ಲಿಗೆ ಬರುವ, ಇಲ್ಲಿನ ಹವೆಗೆ ಒಗ್ಗಿದ ತಳಿ. ರೋಗಕ್ಕೆ ಮಾತ್ರ ಸುಲಭವಾಗಿ ತುತ್ತಾಗುತ್ತದೆ.

ಶೇಂಗಾ ಕ್ರಾಸ್ ಮಾಡುವುದನ್ನು ಹತ್ತಿರದಿಂದ ನೋಡಿದರೆ ತಳಿ ತಜ್ಞರ ಬಗ್ಗೆ ಗೌರವ ಹೆಚ್ಚುತ್ತದೆ. ಹೂವು ಬೆಳಗಿನ ಜಾವ ಅರಳುತ್ತದೆ. ಅರಳುವ ಹೊತ್ತಿಗೆ ತನ್ನ ಪರಾಗ ತನಗೇ ತಾಕಿ ಆಗಿರುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಮೊಗ್ಗು ಹಿಡಿಯಬೇಕು. ಎರಡು ಬೆರಳ ನಡುವೆ ಮೊಗ್ಗು ಇಟ್ಟುಕೊಂಡು, ಚಿಮಟದಿಂದ ದಳ ಬಿಡಿಸಿ, ಒಳಗಿನ ಕೇಸರಗಳನ್ನು ಒಂದೂ ಉಳಿಯದಂತೆ ಎತ್ತಬೇಕು. ಹೂವಿನ ತೊಟ್ಟು ಅಂತ ನಾವು ತಿಳಿದಿರುವುದು ನಿಜವಾಗಿ ತೊಟ್ಟಲ್ಲ, ಟೊಳ್ಳು ಕೊಳವೆ. ಬೀಜವಾಗಬೇಕಾದದ್ದು ಅದರ ಬುಡದಲ್ಲಿ ಕೂತಿರುತ್ತದೆ. ಕೈ ಸ್ವಲ್ಪ ಜೋರಾದರೆ ಕೊಳವೆ ಕಿತ್ತು ಬರುತ್ತದೆ, ಕೆಲಸ ಕೆಟ್ಟಿತು. ಮಾರನೇ ಬೆಳಿಗ್ಗೆ ಇನ್ನೊಂದು ತಳಿಯ ಹೂ ಕಿತ್ತು ತಂದು ಪರಾಗ ಸವರಬೇಕು. ಕೆಲವು ದಿನ ಬಿಟ್ಟು ಅಲ್ಲಿಂದ ಸೂಜಿ ಹೊರಟರೆ ಅದಕ್ಕೆ ಬಣ್ಣದ ದಾರ ಕಟ್ಟಬೇಕು. ಇಲ್ಲದಿದ್ದರೆ ಮಣ್ಣೊಳಗೆ ಹೋದ ಮೇಲೆ ಯಾವ ಕಾಯಿ ಯಾರದ್ದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಇಷ್ಟು ಮಾಡಿದರೆ ಒಂದೋ ಎರಡೋ ಕಾಳು.

ಆಮೇಲೆ ಆರಿಸುವ ಕೆಲಸ. ಇದಕ್ಕೆ ರೋಗ ಬೇಕೇ ಬೇಕು, ಜಾಸ್ತಿಯೇ ಬೇಕು. ಪ್ರಯೋಗದ ಸಾಲುಗಳ ನಡುವೆ ಟಿಎಂವಿ 2 ಥರದ, ಬೇಗ ರೋಗ ಹಿಡಿಯುವ ತಳಿಯ ಸಾಲು ಹಾಕುತ್ತಾರೆ. ಅದು ಸಾಯುತ್ತಾ ಸುತ್ತಲಿನವಕ್ಕೆಲ್ಲ ರೋಗ ಹಂಚುತ್ತದೆ. ಅಂಥ ಹೊಲದಲ್ಲಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಶಾಲೆಯ ಅಂಕದ ಉಲ್ಟಾ. 1 ಅಂದರೆ ಎಲೆ ಶುದ್ಧ, 9 ಅಂದರೆ ಗಿಡ ಸುಟ್ಟಿದೆ. ಟಿಎಂವಿ 2 ಅಲ್ಲಿ 8, 9ಕ್ಕೆ ಹೋದಾಗಲೂ ಈ ಕ್ರಾಸಿನಿಂದ ಬಂದ ಒಂದು ಸಾಲು 3ರ ಆಸುಪಾಸಿನಲ್ಲಿ ನಿಂತಿತು. ಅದೂ ಒಳ್ಳೆ ಕಾಯಿ, ಒಳ್ಳೆ ಇಳುವರಿ, ನಿಂತು ಬೆಳೆಯುವ ಗಿಡ, ಸುಮಾರು 105ರಿಂದ 110 ದಿನಕ್ಕೆ ಕೊಯ್ಲು. ಅದೇ ಜಿಪಿಬಿಡಿ 4. ಇದರ ವಿವರ 2002ರಲ್ಲಿ ಪ್ರಕಟವಾಯಿತು.

3 ಅಂದರೆ ರೋಗವೇ ಬರುವುದಿಲ್ಲ ಅಂತಲ್ಲ, ಇದನ್ನು ಒತ್ತಿ ಹೇಳಬೇಕು. ಎಲೆ ಮಗುಚಿದರೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದೇ ಇರುತ್ತದೆ. ಆದರೆ ಚುಕ್ಕೆ ಸಣ್ಣದು, ತಡವಾಗಿ ಬರುತ್ತದೆ, ಹರಡುವುದು ನಿಧಾನ. ಅಷ್ಟರಲ್ಲಿ ಕಾಯಿ ಬಲಿತಿರುತ್ತದೆ. ಗಿಡ ಕೀಳುವ ದಿನವೂ ಎಲೆ ಹಸಿರಿರುತ್ತದೆ. ರೋಗವನ್ನು ಗೆಲ್ಲುವುದಕ್ಕಿಂತ ಓಟದಲ್ಲಿ ಹಿಂದೆ ಹಾಕುವುದು ಅನ್ನಬಹುದು. ಹೀಗೆ ನಿಧಾನ ಮಾಡುವ ಗುಣ ಬಾಳಿಕೆಯೂ ಜಾಸ್ತಿ ಬರುತ್ತದೆ ಅಂತ ತಳಿ ತಜ್ಞರು ನಂಬುತ್ತಾರೆ. ಪೂರ್ತಿ ತಡೆದರೆ ಶಿಲೀಂಧ್ರ ಹೊಸ ದಾರಿ ಹುಡುಕುವ ಒತ್ತಡ ಹೆಚ್ಚುತ್ತದೆ.

ಡಿಎನ್‌ಎ ಹೇಳಿದ್ದು

ಜಿಪಿಬಿಡಿ 4 ಬಂದ ಮೇಲೆ ಕಥೆ ಇನ್ನೊಂದು ತಿರುವು ತೆಗೆದುಕೊಂಡಿತು. ಧಾರವಾಡ ಮತ್ತು ಇಕ್ರಿಸ್ಯಾಟ್ ಸೇರಿ ಇದನ್ನು ರೋಗಕ್ಕೆ ತುತ್ತಾಗುವ ಟಿಎಜಿ 24, ಟಿಜಿ 26 ತಳಿಗಳ ಜೊತೆ ಕೂಡಿಸಿ, ಮಕ್ಕಳಲ್ಲಿ ರೋಗ ತಾಳುವ ಗುಣ ವರ್ಣತಂತುವಿನ ಯಾವ ಜಾಗದಲ್ಲಿ ಕೂತಿದೆ ಅಂತ ಹುಡುಕಿದರು. ತುಕ್ಕಿನ ವಿಷಯದಲ್ಲಿ ಉತ್ತರ ಅಚ್ಚರಿಯಷ್ಟು ಸರಳವಾಗಿತ್ತು. ಎ03 ಅನ್ನುವ ವರ್ಣತಂತುವಿನ ಒಂದು ಜಾಗವೇ ಗಿಡಗಳ ನಡುವಿನ ವ್ಯತ್ಯಾಸದ 80 ಶೇಕಡಾಕ್ಕಿಂತ ಜಾಸ್ತಿ ಭಾಗಕ್ಕೆ ಕಾರಣ. ಎಲೆಚುಕ್ಕೆಗೆ ಎ03ರ ಜೊತೆ ಎ02 ಕೂಡ ಬೇಕು. ಎರಡೂ ಕಡೆ ಇರುವುದು ಕಾರ್ಡೆನಾಸಿಯ ತುಂಡುಗಳೇ ಅಂತ ಮುಂದೆ ಖಾತ್ರಿಯಾಯಿತು.

ಜಾಗ ಗೊತ್ತಾದರೆ ಕೆಲಸ ಎಷ್ಟು ಹಗುರ ನೋಡಿ. ಮೊದಲು ರೋಗ ಬರುವ ತನಕ ಕಾಯಬೇಕಿತ್ತು. ಈಗ ಎಳೆ ಸಸಿಯ ಒಂದು ಎಲೆ ಹರಿದು ಡಿಎನ್‌ಎ ಗುರುತು ನೋಡಿದರೆ ಸಾಕು. ಐಸಿಜಿವಿ 91114, ಜೆಎಲ್ 24, ಟಿಎಜಿ 24 ಈ ಮೂರೂ ರೈತರು ಮೆಚ್ಚಿದ ತಳಿಗಳು, ಆದರೆ ರೋಗದ ಮುಂದೆ ಸೋಲುವವು. ಜಿಪಿಬಿಡಿ 4ನ್ನು ದಾನಿಯಾಗಿ ಇಟ್ಟುಕೊಂಡು ಇವಕ್ಕೆ ಆ ತುಂಡನ್ನು ಸೇರಿಸಿದರು. ಎರಡು ಮೂರು ಸಲ ಮೂಲ ತಳಿಗೇ ಮರಳಿ ಕೂಡಿಸಿ, ಉಳಿದದ್ದೆಲ್ಲ ಮೂಲ ತಳಿಯದ್ದೇ ಇರುವಂತೆ ನೋಡಿಕೊಂಡರು. ಈ ಕೆಲಸದ ವಿವರ 2014ರಲ್ಲಿ ಪ್ರಕಟವಾಯಿತು. ಇಕ್ರಿಸ್ಯಾಟ್, ಧಾರವಾಡ ದಾಟಿ ಬೇರೆ ಕಡೆಗಳಲ್ಲೂ ಜಿಪಿಬಿಡಿ 4 ಇವತ್ತು ರೋಗ ಪರೀಕ್ಷೆಯ ಹೊಲದಲ್ಲಿ ಹೋಲಿಕೆಗೆ ನಿಲ್ಲಿಸುವ ತಳಿ.

2021ರಲ್ಲಿ ವಿಜ್ಞಾನಿಗಳಾದ ಡೇವಿಡ್ ಬರ್ಟಿಯೋಲಿ, ಸೊರಾಯಾ ಲಿಯಲ್ ಬರ್ಟಿಯೋಲಿ ಮತ್ತು ಅನೇಕ ದೇಶಗಳ ಜೊತೆಗಾರರು ಜಗತ್ತಿನ ಶೇಂಗಾ ತಳಿಗಳ ಡಿಎನ್‌ಎ ಹುಡುಕಿ ಈ ಒಂದು ಗಿಡದ ಜಾಡು ಹಿಡಿದರು. 30 ದೇಶಗಳ 251 ತಳಿ ಮತ್ತು ಸಾಲುಗಳಲ್ಲಿ ಜಿಕೆಪಿ 10017ರ ತುಂಡು ಸಿಕ್ಕಿತು. ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಕಡೆ, ಅಮೆರಿಕ ಖಂಡಗಳು, ಎಲ್ಲಾ ಕಡೆ. ಎಷ್ಟೋ ತಳಿಗಳ ದಾಖಲೆಯಲ್ಲಿ ಕಾಡು ಗಿಡದ ಹೆಸರೇ ಇರಲಿಲ್ಲ. ಬೀಜ ಕೈಯಿಂದ ಕೈಗೆ ಹೋಗಿತ್ತು, ಯಾವುದೋ ಹೊಲದಲ್ಲಿ ಬೆರೆತಿತ್ತು, ಯಾರೂ ಬರೆದಿಟ್ಟಿರಲಿಲ್ಲ. ಒಬ್ಬ ವಿಜ್ಞಾನಿ ಇನ್ನೊಬ್ಬನಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುತ್ತಿದ್ದ ಕಾಲ ಅದು.

ಆ ಕಾಲ ಈಗ ಇಲ್ಲ. 1993ರಲ್ಲಿ ಜೀವವೈವಿಧ್ಯ ಒಪ್ಪಂದ ಜಾರಿಗೆ ಬಂದು, ಪ್ರತಿ ದೇಶದ ಗಿಡ ಬೀಜಗಳ ಮೇಲೆ ಆ ದೇಶದ ಹಕ್ಕು ಅಂತ ಆಯಿತು. ತಪ್ಪೇನಿಲ್ಲ. ಬೊಲಿವಿಯಾದ ಗಿಡ 30 ದೇಶಗಳಿಗೆ ಲಾಭ ಕೊಟ್ಟಿತು, ಬೊಲಿವಿಯಾಕ್ಕೆ ಏನು ಸಿಕ್ಕಿತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಒಪ್ಪಂದದ ಹಿಂದೆ ಬಂದ ಒಂದೊಂದು ದೇಶದ ಒಂದೊಂದು ಕಾನೂನು, ಅರ್ಜಿ, ಅನುಮತಿಗಳ ನಡುವೆ ಬೀಜದ ಓಡಾಟವೇ ನಿಂತಂತಾಗಿದೆ. ಆಹಾರ ಬೆಳೆಗಳ ಬೀಜ ಸುಲಭವಾಗಿ ಹಂಚಿಕೊಳ್ಳಲಿ ಅಂತ 2004ರಲ್ಲಿ ಇನ್ನೊಂದು ಅಂತಾರಾಷ್ಟ್ರೀಯ ಒಪ್ಪಂದ ಜಾರಿಗೆ ಬಂತು. ಅದರ ಮೂಲ ಪಟ್ಟಿಯಲ್ಲಿ 64 ಬೆಳೆಗಳಿವೆ. ತೊಗರಿ ಇದೆ, ಕಡಲೆ ಇದೆ, ಅಲಸಂದೆ ಇದೆ. ಶೇಂಗಾ ಇಲ್ಲ. ಶೇಂಗಾದ ತವರೇ ಆದ ದಕ್ಷಿಣ ಅಮೆರಿಕದ ಕಾಡು ಬಳಗ ಪಟ್ಟಿಯ ಹೊರಗೆ ಉಳಿದುಬಿಟ್ಟಿದೆ. ಬೊಲಿವಿಯಾಕ್ಕೆ ಪಾಲು ಸಿಗಬೇಕು, ಬೀಜವೂ ಓಡಾಡಬೇಕು. ಈಗಿರುವ ವ್ಯವಸ್ಥೆಯಲ್ಲಿ ಎರಡೂ ಆಗುತ್ತಿಲ್ಲ ಅನ್ನುವುದು ನನ್ನ ತಕರಾರು.

ಹೊಲದ ತನಕ

ಒಳ್ಳೆ ತಳಿ ಬಂತು ಅಂದರೆ ಎಲ್ಲರೂ ಬಿತ್ತಿದರು ಅಂತ ಅಲ್ಲ. ಟಿಎಂವಿ 2 ಬಂದದ್ದು 1940ರಲ್ಲಿ, ತಮಿಳುನಾಡಿನ ತಿಂಡಿವನದಿಂದ. ರೋಗದ ಹೊಲದಲ್ಲಿ ಮೊದಲು ಸಾಯುವ ಅದೇ ತಳಿಯನ್ನು ಚಿತ್ರದುರ್ಗ, ಪಾವಗಡ ಕಡೆ ರೈತರು ದಶಕಗಟ್ಟಲೆ ಬಿಡದೆ ಬಿತ್ತಿದರು. ಬೈಯುವುದು ಸುಲಭ. ಆದರೆ ಶೇಂಗಾ ಬೀಜದ ಲೆಕ್ಕ ಬೇರೆಯೇ. ಜೋಳ ಎಕರೆಗೆ 3 ಕೆಜಿ ಬಿತ್ತಿದರೆ ಆಯಿತು. ಶೇಂಗಾ 40ರಿಂದ 50 ಕೆಜಿ ಕಾಳು ಬೇಕು. ಬಿತ್ತಿದ್ದರ ಎಂಟು ಹತ್ತು ಪಟ್ಟು ಮಾತ್ರ ಕೈಗೆ ಬರುತ್ತದೆ. ಒಂದು ಹೊಸ ತಳಿಯ ಬೀಜ ಜಿಲ್ಲೆಗಾಗುವಷ್ಟು ಬೆಳೆಸಲು ವರ್ಷಗಳೇ ಬೇಕು. ಮೇಲಾಗಿ ಒಮ್ಮೆ ತಂದ ಬೀಜವನ್ನು ರೈತ ಮನೆಯಲ್ಲೇ ಇಟ್ಟುಕೊಳ್ಳಬಹುದು, ಹೀಗಾಗಿ ಖಾಸಗಿ ಕಂಪನಿಗಳಿಗೆ ಇದರಲ್ಲಿ ಆಸಕ್ತಿ ಇಲ್ಲ. ಸರ್ಕಾರಿ ಬೀಜ ಸಿಕ್ಕಷ್ಟು, ಉಳಿದದ್ದು ನೆಂಟರ ಮನೆಯಿಂದ.

ನಮ್ಮ ಕಾಕಾನ ಮನೆಗೆ ಬಂದದ್ದೂ ಹಾಗೇ. ಹೋದ ವರ್ಷ ಮುಂಗಾರಿ ಶೇಂಗಾ ಕೀಳುವಾಗ ಹೋಗಿದ್ದೆ. ಯಾವ ತಳಿ ಕಾಕಾ ಅಂದೆ. ‘ಅದs ಧಾರವಾಡದ್ದು. ಬೀಗರ ಕಡಿಂದ ಎರಡು ಚೀಲ ತಂದಿದ್ದೆ’ ಅಂದ. ನಂಬರ್ ಗೊತ್ತಿಲ್ಲ. ಜಿಪಿಬಿಡಿ 4 ಇರಬಹುದು, ಅದರ ಮಗುವೇ ಇರಬಹುದು, ಬೆರಕೆಯೂ ಆಗಿರಬಹುದು. ಕೆಳಗಿನ ಎಲೆ ಒಂದನ್ನು ಮಗುಚಿ ನೋಡಿದೆ. ಮೂರು ನಾಲ್ಕು ಕಪ್ಪು ಚುಕ್ಕೆ, ಬೆರಳಿಗೆ ತುಕ್ಕಿನ ಪುಡಿ ಹತ್ತಲಿಲ್ಲ. ಕಾಕಾ ಅಷ್ಟರಲ್ಲಿ ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ಸಾಲಾಗಿ ಮಲಗಿಸುತ್ತಿದ್ದ. ‘ಕಾಯಿ ಹೆಂಗರ ಇರ್ಲಿ, ಈ ಸಲ ಹೊಟ್ಟು ಛಲೋ ಐತಿ ನೋಡು’ ಅಂದ.